ಜಡ್ಜ್ ಮರದ ಹಣ್ಣು

ಮಾವಿನ ತೋಟ, ಅಂಬಾಜಿದುರ್ಗದ ಬುಡ
೧೬ ಫೆಬ್ರವರಿ ೨೦೨೪

ಬೆಂಗಳೂರಿನ ಶಾಸಕರ ಭವನದಲ್ಲಿ ಅಡಗಿ ಕೂತಿರುವ ನಮ್ಮ ಯಜಮಾನರಿಗೆ,

ಮೊಬೈಲ್ ಇರುವ ಕಾಲದಲ್ಲಿ ಇವಳು ಕಾಗದ ಬರೆಯುತ್ತಾಳಲ್ಲ ಅಂತ ಹುಬ್ಬೇರಿಸಬೇಡಿ. ಫೋನ್ ಮಾಡಿದರೆ ನಿಮ್ಮ ಪಿ.ಎ. ವೇಣು ಎತ್ತುತ್ತಾನೆ. "ಸಾಹೇಬ್ರು ಮೀಟಿಂಗಲ್ಲಿದ್ದಾರೆ ಅಕ್ಕ, ಆಮೇಲೆ ಮಾಡಿಸ್ತೀನಿ" ಅನ್ನುತ್ತಾನೆ. ಆ 'ಆಮೇಲೆ' ಬರುವಷ್ಟರಲ್ಲಿ ನಾನು ಕೇಳಬೇಕಾದದ್ದೇ ಮರೆತಿರುತ್ತದೆ. ಕಾಗದವಾದರೆ ನೀವು ಬಿಡುವವರಲ್ಲ. ಚಿಂತಾಮಣಿ ಕೋರ್ಟಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಕೀಲಿ ಮಾಡಿದವರು, ಅಂಟಿಸಿದ ಲಕೋಟೆ ಕಂಡರೆ ಒಡೆಯದೆ ಇರಲು ನಿಮ್ಮ ಕೈಲಿ ಆಗುವುದಿಲ್ಲ.

ಇಲ್ಲಿ ಮಾವು ಹೂ ಬಿಟ್ಟಿದೆ. ತೋಟಕ್ಕೆ ಕಾಲಿಟ್ಟರೆ ಜೇನುನೊಣಗಳ ಗುಂಯ್ ಬಿಟ್ಟು ಬೇರೆ ಸದ್ದಿಲ್ಲ. ನೀವು ಹೆಸರಿಟ್ಟ ಜಡ್ಜ್ ಮರವಂತೂ ಎಲೆಯೇ ಕಾಣದ ಹಾಗೆ ಹೂ ಹೊತ್ತು ನಿಂತಿದೆ.

ನಿನ್ನೆ ಹುಣಸೆದಿನ್ನೆಯ ಗಂಗುಲಮ್ಮ ಬಂದಿದ್ದಳು. ಹಾಲಿನ ಕ್ಯಾನನ್ನು ಜಗಲಿಯ ಮೇಲೆ ಇಟ್ಟವಳೇ ಶುರು ಮಾಡಿದಳು. "ಏಮಮ್ಮಾ ಅನಸೂಯಮ್ಮ, ನಿಮ್ಮ ಯಜಮಾನ್ರಿಗೆ ಗಂಟಲು ಕಟ್ಟಿದ್ಯಾ? ಓಟು ಕೇಳುವಾಗ ನಮ್ಮೂರ ಅರಳೀಕಟ್ಟೆ ಮೇಲೆ ಎರಡು ಗಂಟೆ ಮಾತಾಡಿದ್ರು. ಅಲ್ಲಿ ಹೋಗಿ ಬಾಯೇ ಬಿಡ್ತಿಲ್ವಂತೆ. ಕೆಮ್ಮಿದ್ರೂ ಟೀವೀಲಿ ಬರ್ತಿತ್ತಲ್ಲಮ್ಮ!"

ನಕ್ಕುಬಿಟ್ಟೆ. ಆದರೆ ಅವಳು ಹೋದ ಮೇಲೆ ನಗು ಉಳಿಯಲಿಲ್ಲ. ಕೆರೆ ಕೋಡಿ ಹರಿದಾಗ ಆ ಊರಿನ ಹೆಂಗಸರು ಸೊಂಟದ ನೀರಿನಲ್ಲಿ ಹಾಲು ಹೊತ್ತು ದಾಟುತ್ತಾರೆ. ಏಳು ಗಂಟೆ ಮೀರಿದರೆ ಡೇರಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ. ಒಂದು ಕಾಲುಸೇತುವೆ ಮಾಡಿಸಿಕೊಡುತ್ತೇನೆ ಅಂತ ನೀವು ಮಾತು ಕೊಟ್ಟು ಬಂದಿದ್ದೀರಿ. ನಿಮ್ಮ ಮಾತು ನಂಬಿಯೇ ಆ ಊರು ಒಂದು ಓಟೂ ಬೇರೆಯವರಿಗೆ ಹಾಕಲಿಲ್ಲ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಿಮ್ಮ ಬಾಯಿ ಎಲ್ಲಿಟ್ಟು ಮರೆತಿರಿ?

ಇಂತಿ,
ಅನಸೂಯಮ್ಮ

*

ಶಾಸಕರ ಭವನ, ಬೆಂಗಳೂರು
೨೧ ಫೆಬ್ರವರಿ ೨೦೨೪

ಅನಸೂಯ,

ನಿನ್ನ ಪತ್ರ ತಲುಪಿತು. ಪ್ಯಾರಾವಾರು ಉತ್ತರ ಹೀಗಿದೆ.

ಮೊದಲನೇ ಪ್ಯಾರಾ: ವೇಣು ಫೋನ್ ಎತ್ತುವುದು ನಿಜ, ಒಪ್ಪಿಕೊಳ್ಳಲಾಗಿದೆ. ಎರಡನೇ ಪ್ಯಾರಾ: ಜಡ್ಜ್ ಮರ ಹೂ ಬಿಟ್ಟಿರುವುದು ನನ್ನ ಖುದ್ದು ಅರಿವಿಗೆ ಬಂದಿಲ್ಲ, ವಾದಿಯೇ ಸಾಬೀತುಪಡಿಸಬೇಕು. ಮೂರನೇ ಪ್ಯಾರಾ: ಗಂಟಲು ಕಟ್ಟಿದೆ ಎನ್ನುವುದು ಶುದ್ಧ ಸುಳ್ಳು.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಎತ್ತಿಕೊಂಡೆ. ನಿನ್ನ ಹತ್ತಿರ ಎಂಥ ತಕರಾರು ಅರ್ಜಿ?

ಹೋದ ಜುಲೈನಲ್ಲಿ ನಡೆದದ್ದನ್ನು ನೀನು ಟೀವಿಯಲ್ಲಿ ನೋಡಿದ್ದೀಯ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ನನ್ನ ಮೊದಲ ಅಧಿವೇಶನ. ಸಭಾಧ್ಯಕ್ಷರು "ಶ್ರೀ ವೆಂಕಟರವಣಪ್ಪನವರು" ಎಂದು ಹೆಸರು ಕರೆದರು. ಎದ್ದೆ. ಕರಿ ಕೋಟು ಸರಿಮಾಡಿಕೊಳ್ಳಲು ಕೈ ಹೋಯಿತು, ಮೈಮೇಲೆ ಕೋಟೇ ಇರಲಿಲ್ಲ. ಎತ್ತರದ ಪೀಠ, ಅದರ ಮೇಲೆ ಒಬ್ಬರು, ಕೆಳಗೆ ಬರೆದುಕೊಳ್ಳುವವರು. ಬಾಯಿ ತನ್ನ ಹಳೇ ದಾರಿ ಹಿಡಿಯಿತು. "ಮೈ ಲಾರ್ಡ್, ನನ್ನ ಕಕ್ಷಿದಾರರಾದ ಹುಣಸೆದಿನ್ನೆ ಗ್ರಾಮಸ್ಥರ ಪರವಾಗಿ ಹಾಜರಾಗಿದ್ದೇನೆ" ಅಂದುಬಿಟ್ಟೆ.

ಇನ್ನೂರಕ್ಕೂ ಹೆಚ್ಚು ಜನ ಒಟ್ಟಿಗೆ ನಕ್ಕರೆ ಹೇಗಿರುತ್ತದೆ ಗೊತ್ತೇನೆ? ಎದುರು ಸಾಲಿನಿಂದ ಒಬ್ಬ ಮೇಜು ಬಡಿದು "ಮುಂದಿನ ಡೇಟ್ ಕೊಟ್ಬಿಡಿ ಸ್ವಾಮಿ!" ಎಂದು ಕೂಗಿದ. ಕೂತುಬಿಟ್ಟೆ. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಆವತ್ತಿನಿಂದ ಒಂದು ಸಲವೂ ಮಾತಾಡಲು ಹೆಸರು ಕೊಟ್ಟಿಲ್ಲ. ಕೊಲೆ ಕೇಸಿನಲ್ಲೂ ಹಿಂಜರಿಯದವನು ನಾನು.

ಸೇತುವೆಯನ್ನು ಫೈಲಿನ ಮೂಲಕವೇ ಮಾಡಿಸುತ್ತೇನೆ. ಮಾತಿನ ಅಗತ್ಯವಿಲ್ಲ. ಗಂಗುಲಮ್ಮನಿಗೆ ಹಾಗೆ ಹೇಳು.

ವೆಂಕಟರವಣಪ್ಪ

*

ಮಾವಿನ ತೋಟ
೧೨ ಏಪ್ರಿಲ್ ೨೦೨೪

ಯುಗಾದಿಗೆ ಬಂದು ಒಬ್ಬಟ್ಟು ತಿಂದು ಓಡಿಹೋದವರಿಗೆ,

ಬಂದಿರಿ, ಎಣ್ಣೆಸ್ನಾನ ಮಾಡಿದಿರಿ, ಏಳು ಒಬ್ಬಟ್ಟು ತಿಂದಿರಿ, ಸಂಜೆ ಕಾರು ಹತ್ತಿದಿರಿ. ತೋಟದ ಕಡೆ ತಲೆ ಹಾಕಲಿಲ್ಲ. ಕಾಯಿ ನಿಂಬೆಹಣ್ಣಿನಷ್ಟು ಆಗಿದೆ, ನೋಡಬನ್ನಿ ಅಂದರೆ "ಲೇಟಾಯ್ತು ಕಣೇ" ಅಂದಿರಿ. ನಾನು ಜಂಗಮಕೋಟೆಯವಳು, ರೇಷ್ಮೆಹುಳ ಸಾಕಿ ಬೆಳೆದವಳು. ಯಾವ ಹುಳ ಸೊಪ್ಪು ಬಿಟ್ಟಿದೆ ಅಂತ ತಟ್ಟೆ ನೋಡಿದರೆ ತಿಳಿಯುತ್ತದೆ. ನೀವು ಜಡ್ಜ್ ಮರಕ್ಕೆ ಮುಖ ತೋರಿಸಲು ನಾಚಿಕೊಂಡಿರಿ.

ಮರೆತಿದ್ದರೆ ನೆನಪಿಸುತ್ತೇನೆ. ನಮ್ಮ ಮದುವೆಯಾದ ವರ್ಷ ನಿಮಗೆ ಮೊದಲ ಕೇಸು ಬಂತು. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದರೆ ನಿಮ್ಮ ತಾಯಿ ಬೈಯುತ್ತಾರೆ ಅಂತ ತೋಟಕ್ಕೆ ಹೋದಿರಿ. ಮೊದಲ ಸಾಲಿನ ದೊಡ್ಡ ಮಲಗೋವ ಮರ ಜಡ್ಜು, ಎದುರಿಗಿದ್ದ ತೋತಾಪುರಿ ಎದುರು ವಕೀಲ. ನೀವು ಕೈ ಬೀಸಿ "ಮೈ ಲಾರ್ಡ್!" ಅಂದ ಜೋರಿಗೆ ಗಿಳಿಗಳೆಲ್ಲ ಹಾರಿಹೋದವು. ನಾನು ಆ ಮರದ ಬುಡದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಕೊನೆಗೆ "ಹೇಗಿತ್ತೇ?" ಅಂತ ಕೇಳಿದಿರಿ. "ಉದ್ದ ಆಯ್ತು, ಅರ್ಧ ತೆಗೀರಿ" ಅಂದೆ. ತೆಗೆದಿರಿ, ಗೆದ್ದಿರಿ. ಆಮೇಲೆ ಒಂದು ಕೇಸೂ ಆ ಮರದ ಮುಂದೆ ನಿಲ್ಲದೆ ಕೋರ್ಟಿಗೆ ಹೋಗಲಿಲ್ಲ. ನನಗೂ ಬಿಡಿಸಲು ಏನಾದರೂ ಇದ್ದೇ ಇರುತ್ತಿತ್ತು.

ಇನ್ನೊಂದು ಪದ್ಧತಿ ಇತ್ತಲ್ಲ. ಗೆಲ್ಲಲಿ ಸೋಲಲಿ, ಕೇಸು ಮುಗಿದ ದಿನ ಎದುರು ವಕೀಲರ ಮನೆಗೆ ಜಡ್ಜ್ ಮರದ ಹಣ್ಣು ಒಂದು ಬುಟ್ಟಿ. ಹಣ್ಣಿನ ಕಾಲವಲ್ಲದಿದ್ದರೆ ಅದೇ ಮರದ ಉಪ್ಪಿನಕಾಯಿ. "ನಡುವೆ ಕೊಟ್ರೆ ಲಂಚ, ಮುಗಿದ ಮೇಲೆ ಕೊಟ್ರೆ ಸ್ನೇಹ" ಅನ್ನುತ್ತಿದ್ದಿರಿ. ಅದಕ್ಕೇ ಚಿಂತಾಮಣಿಯಲ್ಲಿ ನಿಮಗೆ ಎದುರಾಳಿಗಳು ಇದ್ದರು, ಶತ್ರು ಒಬ್ಬರೂ ಇರಲಿಲ್ಲ.

ಫೈಲು ಏನಾಯಿತು?

ಅನಸೂಯಮ್ಮ

*

ಶಾಸಕರ ಭವನ
೩೦ ಜೂನ್ ೨೦೨೪

ಅನಸೂಯ,

ಫೈಲು ಮಾರ್ಚ್‌ನಲ್ಲಿ ಚುನಾವಣೆ ನೀತಿಸಂಹಿತೆ ಅಂತ ಮಲಗಿತು. ಜೂನ್‌ನಲ್ಲಿ ಎದ್ದು ಮೂರು ಮೇಜು ಸುತ್ತಿ "ಪರಿಶೀಲಿಸಲಾಗುವುದು" ಎಂಬ ಷರಾ ಹೊತ್ತು ನನ್ನ ಬಳಿಗೇ ವಾಪಸ್ ಬಂದಿದೆ. ಒಪ್ಪಿಕೊಳ್ಳುತ್ತೇನೆ, ಫೈಲಿಗೆ ಬಾಯಿಲ್ಲ.

ಆದರೆ ನಾನು ಬರೆಯಲು ಕೂತದ್ದು ಹಣ್ಣಿನ ವಿಷಯ. ವೇಣು ಸೋಮವಾರ ನೀನು ಕೊಟ್ಟ ಬುಟ್ಟಿ ತಂದ. ಮಂಚದ ಕೆಳಗೆ ಹುಲ್ಲಿನಲ್ಲಿ ಇಟ್ಟೆ. ಬುಧವಾರಕ್ಕೆ ಇಡೀ ಮಹಡಿಗೆ ವಾಸನೆ ಹರಡಿತು. ಶುಕ್ರವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆಗೆದರೆ ಪಕ್ಕದ ಕೋಣೆಯ ಶಾಸಕ ಹರಿಕೃಷ್ಣ. "ಮುಂದಿನ ಡೇಟ್ ಕೊಟ್ಬಿಡಿ" ಎಂದು ಕೂಗಿದ್ದು ಇವರೇ! ಒಂದು ವರ್ಷದಿಂದ ಲಿಫ್ಟಿನಲ್ಲಿ ಇವರು ಹತ್ತಿದರೆ ನಾನು ಮೆಟ್ಟಿಲು ಹಿಡಿಯುತ್ತಿದ್ದೆ.

"ವಕೀಲ್ರೇ, ಮೂರು ದಿನದಿಂದ ತಡ್ಕೊಂಡಿದ್ದೀನಿ. ಇನ್ನು ಆಗಲ್ಲ. ಯಾವ ಹಣ್ಣು ಅದು?" ಅಂದರು.

ಬಂದವರಿಗೆ ಇಲ್ಲ ಅನ್ನುವುದು ಹೇಗೆ? ಕುಯ್ದು ಕೊಟ್ಟೆ. ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದರು. ವಾಟೆ ಚೀಪುತ್ತಾ ಹೇಳಿದರು: "ಆವತ್ತು ನಾನು ನಕ್ಕಿದ್ದು ನಿಮ್ಮನ್ನು ನೋಡಿ ಅಲ್ಲ ರೀ, ನನ್ನ ಕಥೆ ನೆನಪಾಗಿ. ನಾನು ಇಪ್ಪತ್ತೆರಡು ವರ್ಷ ಹೈಸ್ಕೂಲು ಮೇಷ್ಟ್ರು. ಮೊದಲನೇ ಸಲ ಗೆದ್ದು ಬಂದಾಗ ಸಭಾಧ್ಯಕ್ಷರು ಬಂದು ಪೀಠದಲ್ಲಿ ಕೂತ್ರು. ಇಡೀ ಸಭೆ ಎದ್ದು ನಿಂತಿತ್ತಲ್ಲ, ನನಗೆ ತಡೀಲಿಲ್ಲ. 'ಎಲ್ಲಾರೂ ಕೂತ್ಕೊಳ್ಳಿ, ಗಲಾಟೆ ಮಾಡಬೇಡಿ' ಅಂದ್ಬಿಟ್ಟೆ. ಮುಖ್ಯಮಂತ್ರಿಗಳೂ ಕೂತ್ರು!"

ಎಷ್ಟು ತಿಂಗಳಾಗಿತ್ತೋ ನಾನು ಹಾಗೆ ನಕ್ಕು. ಕಣ್ಣಲ್ಲಿ ನೀರು ಬಂತು. ಅವರು ಇನ್ನೆರಡು ಹಣ್ಣು ಕೈಯಲ್ಲಿ ಹಿಡಿದು ಹೋದರು.

ಬಾಗಿಲು ಹಾಕಿಕೊಂಡ ಮೇಲೆ ಬುಟ್ಟಿ ಬರಿದು ಮಾಡಿ ನೋಡಿದೆ. ಬುಟ್ಟಿಯ ತಳದಲ್ಲಿ ನಿನ್ನ ಚೀಟಿ: "ಜಡ್ಜ್ ಮರದ್ದು". ಸೇತುವೆಯ ಕೇಸು ಮುಗಿಯುವ ಮೊದಲೇ ಎದುರಾಳಿಗೆ ಆ ಮರದ ಹಣ್ಣು ತಿನ್ನಿಸಿದ್ದೇನೆ! ಇಪ್ಪತ್ತೊಂಬತ್ತು ವರ್ಷದಲ್ಲಿ ಮಾಡದ ತಪ್ಪು. ಈಗ ಕೇಸು ನಡೆಸಿ ಮುಗಿಸಿದರೇ ಅದು ಸ್ನೇಹ, ಇಲ್ಲದಿದ್ದರೆ ಲಂಚ. ನಿಜ ಹೇಳು, ಬೇಕೆಂದೇ ಕಳಿಸಿದೆಯಲ್ಲವೇ?

ಜುಲೈ ಹದಿನೆಂಟಕ್ಕೆ ಮಾತಾಡಲು ಹೆಸರು ಕೊಟ್ಟಿದ್ದೇನೆ. ಇಲ್ಲಿ ಮರವೂ ಇಲ್ಲ, ನೀನೂ ಇಲ್ಲ. ಯಾರ ಮುಂದೆ ವಾದ ಒಪ್ಪಿಸಿ ನೋಡಲಿ?

ನಿನ್ನ
ವೆಂಕಟರವಣಪ್ಪ

*

ಮಾವಿನ ತೋಟ
೫ ಜುಲೈ ೨೦೨೪

ಲಂಚ ಕೊಟ್ಟು ಸಿಕ್ಕಿಬಿದ್ದ ವಕೀಲರಿಗೆ,

ಬೇಕೆಂದೇ ಕಳಿಸಿದೆ. ಒಪ್ಪಿಕೊಳ್ಳಲಾಗಿದೆ.

ವಿಧಾನಸೌಧದ ಮುಂದಿನ ರಸ್ತೆ ದಾಟಿದರೆ ಕಬ್ಬನ್ ಪಾರ್ಕು. ಅಲ್ಲಿ ಇರುವಷ್ಟು ಮರ ನಮ್ಮ ತೋಟದಲ್ಲೂ ಇಲ್ಲ. ಮರವಿಲ್ಲ ಅಂತ ಬರೆಯುತ್ತೀರಲ್ಲ, ಭಲೇ! ಬೆಳಿಗ್ಗೆ ವಾಕಿಂಗ್ ಹೋಗಿ, ದಪ್ಪ ಮರ ಒಂದನ್ನು ಆರಿಸಿಕೊಳ್ಳಿ. ಆ ಮೇಷ್ಟ್ರನ್ನೂ ಕರೆದುಕೊಂಡು ಹೋಗಿ, ಎದುರು ವಕೀಲ ಆಗಲಿ. ಹಣ್ಣು ತಿಂದ ಋಣ ತೀರಿಸಲಿ.

ನನಗೆ ಬರಲು ಆಗುವುದಿಲ್ಲ. ತೋತಾಪುರಿ ಕೀಳುವವರು ಬರುತ್ತಿದ್ದಾರೆ, ಲಾರಿಗೆ ತುಂಬಿಸಬೇಕು, ತೋಟ ಬಿಟ್ಟು ಒಂದು ಹೆಜ್ಜೆ ಆಚೆ ಇಡುವ ಹಾಗಿಲ್ಲ. ನೀವು ಕೇಳುವ ಮೊದಲೇ ಹೇಳಿದ್ದೇನೆ.

ಉದ್ದ ಮಾಡಬೇಡಿ. ಅರ್ಧ ತೆಗೀರಿ.

ಅನಸೂಯಮ್ಮ

*

ಶಾಸಕರ ಭವನ
೧೯ ಜುಲೈ ೨೦೨೪

ಅನಸೂಯ,

ಮಾತಾಡಿದೆ! ನಿನ್ನೆ ಮಧ್ಯಾಹ್ನ, ಆರು ನಿಮಿಷ. ಸೇತುವೆ ಈ ಸಾಲಿನಲ್ಲೇ ಮಂಜೂರು ಎಂದು ಮಂತ್ರಿಗಳು ಸದನದಲ್ಲಿ ಒಪ್ಪಿಕೊಂಡಿದ್ದಾರೆ, ದಾಖಲೆಯಾಗಿದೆ, ಇನ್ನು ಹಿಂದೆ ಸರಿಯುವಂತಿಲ್ಲ.

ಕಬ್ಬನ್ ಪಾರ್ಕಿನಲ್ಲಿ ಹತ್ತು ದಿನ ಒಂದು ಮಳೆಮರದ ಮುಂದೆ ವಾದಿಸಿದೆ. ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಕೂತು ನಡುನಡುವೆ "ಸ್ವರ ಜೋರಾಗಲಿ, ಹಿಂದಿನ ಬೆಂಚಿಗೂ ಕೇಳಬೇಕು" ಅನ್ನುತ್ತಿದ್ದರು. ಓಡಾಡುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಮೂರನೇ ದಿನ ಒಬ್ಬ ಪೊಲೀಸಿನವನು ಬಂದು, "ಯಜಮಾನ್ರೇ, ಮನೇಲಿ ಯಾರಿಗಾದ್ರೂ ಫೋನ್ ಮಾಡಬೇಕಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ.

ನೀನು ಟೀವಿಯಲ್ಲಿ ನೋಡಿರಲಾರೆ, ಲಾರಿ ತುಂಬಿಸುವ ಗಡಿಬಿಡಿ. ಅದಕ್ಕೇ ಹೇಳುತ್ತೇನೆ: ಒಂದೇ ಒಂದು ತಪ್ಪಿಲ್ಲದೆ ಮಾತಾಡಿದೆ. ಒಂದೇ ಒಂದು!

ಗಂಗುಲಮ್ಮನಿಗೆ ತಿಳಿಸು.

ಇಂತಿ, ಬಾಯಿ ಸಿಕ್ಕಿದ
ವೆಂಕಟರವಣಪ್ಪ

*

ಮಾವಿನ ತೋಟ
೨೨ ಜುಲೈ ೨೦೨೪

ಒಂದೇ ಒಂದು ತಪ್ಪು ಮಾಡದ ಮಹಾನುಭಾವರಿಗೆ,

ಗಂಗುಲಮ್ಮನಿಗೆ ತಿಳಿಸುವ ಅಗತ್ಯ ಬೀಳಲಿಲ್ಲ. ಅವಳು ಅಲ್ಲೇ ಇದ್ದಳು. ನಾನೂ ಇದ್ದೆ. ಮೇಲಿನ ಗ್ಯಾಲರಿಯಲ್ಲಿ, ಎರಡನೇ ಸಾಲು.

ಪಾಸು ಕೊಡಿಸಿದ್ದು ನಿಮ್ಮ ಮೇಷ್ಟ್ರು. ವೇಣು ಅವರ ನಂಬರ್ ಕೊಟ್ಟ, ಬೈಯಬೇಡಿ ಪಾಪ. ಆವತ್ತು ಗಂಗುಲಮ್ಮ ಡೇರಿಗೆ ಹಾಲು ಹಾಕಿ, ಮದುವೆ ಸೀರೆ ಉಟ್ಟು ಬಂದಳು. ಚಿಂತಾಮಣಿಯಿಂದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳದ್ದು ಒಂದೇ ಮಾತು, "ದೇವುಡಾ, ಆಯಪ್ಪನ ಬಾಯಿ ಬಿಡಿಸು." ಗ್ಯಾಲರಿಯಲ್ಲಿ ಮಾತಾಡಬಾರದು, ಕೈ ತಟ್ಟಬಾರದು ಅಂತ ಬಾಗಿಲಲ್ಲೇ ಹೇಳಿ ಕೂರಿಸಿದರು.

ನಿಮ್ಮ ಹೆಸರು ಕರೆದರು. ಎದ್ದಿರಿ. ಕಾಗದ ನೋಡಿದಿರಿ. ತಲೆ ಎತ್ತಿದಿರಿ. ಗಂಗುಲಮ್ಮ ನನ್ನ ಕೈ ಹಿಸುಕಿದ ಗುರುತು ಇನ್ನೂ ಹೋಗಿಲ್ಲ. ಆಗ ನಿಮ್ಮ ಬಾಯಿಂದ ಬಂತು, ಗಿಳಿ ಹಾರಿಸುವ ಅದೇ ಜೋರಿನಲ್ಲಿ, "ಮೈ ಲಾರ್ಡ್!"

ಸಭೆಯೆಲ್ಲ ಗೊಳ್ಳೆಂದಿತು. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು, ಇನ್ನು ಕೂರುತ್ತಾರೆ, ಜೀವಮಾನದಲ್ಲಿ ಏಳುವುದಿಲ್ಲ ಅಂದುಕೊಂಡೆ. ಕಣ್ಣು ಬಿಟ್ಟರೆ ನೀವು ನಿಂತೇ ಇದ್ದೀರಿ. ಅಷ್ಟೇ ಅಲ್ಲ, ನೀವೂ ನಗುತ್ತಿದ್ದೀರಿ! ನಗು ಅಡಗುವವರೆಗೆ ಕಾದು ಹೇಳಿದಿರಿ: "ನಕ್ಕಿದ್ದಾಯ್ತಾ? ಈಗ ಕೇಳಿ. ನಮ್ಮ ಕಡೆ ಗಂಗುಲಮ್ಮ ಅಂತ ಒಬ್ಬ ಹೆಣ್ಣುಮಗಳಿದ್ದಾಳೆ. ಕೋಡಿ ಹರಿದಾಗ ಸೊಂಟದ ನೀರಲ್ಲಿ ಹಾಲಿನ ಕ್ಯಾನ್ ತಲೆ ಮೇಲೆ ಇಟ್ಕೊಂಡು ಏಳು ಗಂಟೆಯೊಳಗೆ ಡೇರಿ ಮುಟ್ತಾಳೆ. ಆಯಮ್ಮ ಒಂದು ದಿನಾನೂ ತಡ ಮಾಡಿಲ್ಲ ಸ್ವಾಮಿ. ತಡ ಮಾಡಿರೋದು ನಾವು."

ಯಾರೂ ನಗಲಿಲ್ಲ. ನೀವು ಕೂತಾಗ ಸಭಾಧ್ಯಕ್ಷರು ಮಂತ್ರಿಗಳ ಕಡೆ ತಿರುಗಿ, "ತೀರ್ಪು ಕಾದಿರಿಸೋದು ಬೇಡ, ಈಗಲೇ ಹೇಳಿಬಿಡಿ" ಅಂದರು. ಗಂಗುಲಮ್ಮ ಎದ್ದು "ಶಭಾಷ್!" ಅಂದೇಬಿಟ್ಟಳು. ಕಾವಲಿನವರು ಓಡಿಬಂದರು. "ನನ್ನ ಹೆಸರು ಅವರು ಹೇಳಬಹುದು, ನಾನು ಮಾತಾಡಬಾರ್ದಾ?" ಅಂತ ಅವರಿಗೇ ಜಬರಿಸಿದಳು. ನಿಮಗೆ ಸಿಕ್ಕಿ ಮಾತಾಡಿಸೋಣ ಅಂದುಕೊಂಡಿದ್ದೆವು, ಅಷ್ಟರಲ್ಲಿ ನಮ್ಮನ್ನು ಮರ್ಯಾದೆಯಾಗಿ ಹೊರಗೆ ಬಿಟ್ಟುಬಂದರು. ಅವಳಿಗೆ ಸಂಜೆ ಹಸು ಕರೆಯಬೇಕಿತ್ತು, ಮೂರು ಗಂಟೆ ಬಸ್ಸು ಹಿಡಿದೆವು.

ಇಷ್ಟು ಸಂತೋಷ ನಾನು ನೀವು ಗೆದ್ದ ದಿನವೂ ಪಟ್ಟಿಲ್ಲ. ಆದರೆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿದೆ. 'ಮೈ ಲಾರ್ಡ್' ಅಂದಿರಿ, ನನ್ನ ಕಿವಿಯಾರೆ ಕೇಳಿದೆ. ನನಗೆ ಬರೆಯುವಾಗ ಯಾಕೆ ಮುಚ್ಚಿಟ್ಟಿರಿ? ಊರಿನ ಮುಂದೆ ಬಿಟ್ಟ ನಾಚಿಕೆ ನನ್ನ ಮುಂದೆ ಇನ್ನೂ ಉಳಿದಿದೆಯೇ?

ಅನಸೂಯಮ್ಮ

*

ಶಾಸಕರ ಭವನ
೨೪ ಜುಲೈ ೨೦೨೪

ಅನಸೂಯ,

ಪ್ರಮಾಣ ಮಾಡಿ ಹೇಳುತ್ತೇನೆ. ಏನನ್ನೂ ಮುಚ್ಚಿಟ್ಟಿಲ್ಲ. ಒಂದೂ ತಪ್ಪಿಲ್ಲದೆ ಮಾತಾಡಿದೆ ಎಂದು ಬರೆದದ್ದು ಅಕ್ಷರಶಃ ಸತ್ಯ.

ಕಾಗದದಲ್ಲಿ 'ಮಾನ್ಯ ಸಭಾಧ್ಯಕ್ಷರೇ' ಎಂದು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೆ. ಹತ್ತು ದಿನ ಮೇಷ್ಟ್ರು ಅದನ್ನೇ ನೂರು ಸಲ ಹೇಳಿಸಿದ್ದರು. ಬಾಯಿಗೂ ಬಂದಿತ್ತು. ತಲೆ ಎತ್ತಿದೆ. ಗ್ಯಾಲರಿಯ ಎರಡನೇ ಸಾಲಿನಲ್ಲಿ ನಿನ್ನ ಹಸಿರು ಸೀರೆ ಕಂಡಿತು. ತೋಟದಲ್ಲಿ ಲಾರಿ ತುಂಬಿಸುತ್ತಿರಬೇಕಾದವಳು! ಮಡಿಲಲ್ಲಿ ಅವರೆಕಾಯಿ ಒಂದು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಕಾಗದ ಮಡಚಿ ಇಟ್ಟೆ. ಟೀವಿಯಲ್ಲಿ ನೋಡಿರಲಾರೆ ಎಂದು ಬರೆದದ್ದೂ ಅದಕ್ಕೇ, ಗ್ಯಾಲರಿಯಲ್ಲಿ ಕೂತವಳಿಗೆ ಟೀವಿ ಎಲ್ಲಿ?

ಚಿಂತಾಮಣಿ ಕೋರ್ಟಿನಲ್ಲಿ 'ಯುವರ್ ಆನರ್' ಅಂದರೆ ಸಾಕಿತ್ತು. ನಾನು ಮಾತ್ರ 'ಮೈ ಲಾರ್ಡ್' ಅನ್ನುತ್ತಿದ್ದೆ. ಜೊತೆಯ ವಕೀಲರು ಆಡಿಕೊಳ್ಳುತ್ತಿದ್ದರು. ನನಗೆ ಆ ಅಭ್ಯಾಸ ಎಲ್ಲಿಂದ ಬಂತೆಂದು ಇಷ್ಟು ವರ್ಷ ನಾನೇ ಯೋಚಿಸಿರಲಿಲ್ಲ. ಮರ ಯಾವತ್ತಾದರೂ ತೀರ್ಪು ಕೊಟ್ಟಿತ್ತೇನೆ? ಉದ್ದ ಆಯ್ತು, ಅರ್ಧ ತೆಗೀರಿ ಅಂದದ್ದು ಯಾರು? ನಾನು ಕರೆಯುತ್ತಿದ್ದದ್ದು ಮರದ ಬುಡದಲ್ಲಿ ಕೂತವಳನ್ನು.

ಹೋದ ವರ್ಷ ಸಭಾಧ್ಯಕ್ಷರನ್ನು 'ಮೈ ಲಾರ್ಡ್' ಅಂದದ್ದು ತಪ್ಪು. ಈ ಸಲ ನಾನು ಅವರನ್ನು ಕರೆಯಲೇ ಇಲ್ಲ. ಯಾರನ್ನು ಕರೆಯಬೇಕಿತ್ತೋ ಅವರನ್ನೇ ಕರೆದೆ. ನಕ್ಕವರಿಗೆ ಅದು ಗೊತ್ತಾಗಲಿಲ್ಲ, ನನಗೆ ಗೊತ್ತಿತ್ತು. ಅದಕ್ಕೇ ಅವರ ಜೊತೆ ನಗಲು ಸಾಧ್ಯವಾಯಿತು.

ಇಷ್ಟೇ ನನ್ನ ವಾದ.

ವೆಂಕಟರವಣಪ್ಪ

*

ಮಾವಿನ ತೋಟ
೧೪ ಅಕ್ಟೋಬರ್ ೨೦೨೫

ನಮ್ಮ ವಕೀಲರಿಗೆ,

ಆವತ್ತಿನ ನಿಮ್ಮ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಓದಿ ಅಕ್ಕಿ ಡಬ್ಬಿಯಲ್ಲಿ ಇಟ್ಟೆ, ಆಗಾಗ ತೆಗೆದು ಓದುತ್ತೇನೆ. ನೀವು ಬಂದಾಗ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಸೇತುವೆಯ ಸುದ್ದಿ ಇದೆ, ಅದರ ಜೊತೆ ತೀರ್ಪನ್ನೂ ಕಳಿಸುತ್ತಿದ್ದೇನೆ.

ನಿನ್ನೆ ಮಳೆಗೆ ಕೆರೆ ಕೋಡಿ ಹರಿಯಿತು. ಇಂದು ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದೆ. ಸೇತುವೆಗೆ ಕಟ್ಟಿದ್ದ ಟೇಪು, 'ಉದ್ಘಾಟನೆ ಮುಂದಿನ ವಾರ' ಎಂಬ ಬೋರ್ಡು ಎರಡೂ ಪಕ್ಕಕ್ಕೆ ಬಿದ್ದಿದ್ದವು. ಗಂಗುಲಮ್ಮ ಮುಂದೆ, ಹಿಂದೆ ಹದಿನಾರು ಹೆಂಗಸರು, ಎಲ್ಲರ ಸೀರೆಯ ಅಂಚೂ ಒಣಗಿಯೇ ಇತ್ತು. "ನಿಮ್ಮ ಯಜಮಾನ್ರು ಬಂದು ಭಾಷಣ ಮಾಡೋವರ್ಗೂ ಹಸು ಕಾಯ್ತದಾ? ಈಗ ಬಾಯಿ ಬೇರೆ ಬಂದಿದೆ ಆಯಪ್ಪಂಗೆ, ನಿಲ್ಸೋರು ಯಾರು? ಹಾಲು ಒಡೆದೋಗ್ತದೆ!" ಅಂದು ನಡೆದೇಬಿಟ್ಟಳು. ಆರೂವರೆಗೇ ಡೇರಿಯಲ್ಲಿ ಇದ್ದರು.

ಮಂತ್ರಿಗಳು ಬಂದು ಟೇಪು ಕತ್ತರಿಸಲಿ, ಮತ್ತೆ ಕಟ್ಟಿಸೋಣ.

ಇನ್ನು ತೀರ್ಪು. ಉಭಯ ಪಕ್ಷಗಳ ವಾದ ಕೇಳಲಾಗಿದೆ. ಪ್ರತಿವಾದಿಯ ವಿವರಣೆಯನ್ನು ಪೂರ್ತಿಯಾಗಿ ಒಪ್ಪಲಾಗಿದೆ. ಮೂವತ್ತು ವರ್ಷ ವಿಷಯವನ್ನು ಪೀಠಕ್ಕೆ ತಿಳಿಸದೆ ಇದ್ದದ್ದಕ್ಕೆ ಶಿಕ್ಷೆಯಾಗಿ, ಪ್ರತಿವಾದಿಯು ಈ ಶನಿವಾರವೇ ಮನೆಗೆ ಬಂದು, ಜಡ್ಜ್ ಮರದ ಬುಡದಲ್ಲಿ ಕೂತು ಅವರೆಕಾಯಿ ಬಿಡಿಸತಕ್ಕದ್ದು. ಆ ದಿನ ಪೀಠ ನಿಂತುಕೊಂಡು ಮಾತಾಡುತ್ತದೆ. ಹೇಳಬೇಕಾದದ್ದು ಬಹಳ ಇದೆ, ಅರ್ಧ ತೆಗೆಯುವುದಿಲ್ಲ.

ಇಂತಿ ನಿಮ್ಮ
ಮೈ ಲಾರ್ಡ್